ಅರ್ಧಕ್ಕೆ ಇಳಿಸಿದ ನೀರು

ಓಮ ಹಾಕಿ ಕುದಿಸಿದ ನೀರಿಗೆ ಒಂದು ವಾಸನೆ ಇದೆ. ಖಾರ ಎನ್ನೋಣವೆಂದರೆ ಖಾರವಲ್ಲ, ಕಹಿ ಎನ್ನೋಣವೆಂದರೆ ಕಹಿಯೂ ಅಲ್ಲ. ಮೂಗಿನ ಮೇಲುಗಡೆ ಹೋಗಿ ಕೂತುಬಿಡುತ್ತದೆ, ಅಷ್ಟೆ. ಚಾಮರಾಜಪೇಟೆಯ ಹಳೆಯ ಬೀದಿಗಳಲ್ಲಿ ಬಾಣಂತಿ ಇರುವ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ, ಈ ವಾಸನೆ ಹಿಡಿದು ಹೋದರೆ ಸಾಕು. ಅದು ಹಿತವಾದ ವಾಸನೆ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲರೂ ಹೇಳುತ್ತಾರೆ ಎನ್ನುವುದು ಆಧಾರವಲ್ಲ. ನನಗೆ ಆ ವಾಸನೆ ಬಂದರೆ ಕಾಲು ನಿಂತುಬಿಡುತ್ತದೆ.

ಮೊನ್ನೆ ಹಾಗೆಯೇ ನಿಂತಿತು. ನಾವು ಚಾಮರಾಜಪೇಟೆ ಬಿಟ್ಟು ಬಸವನಗುಡಿಯ ಬಾಡಿಗೆ ಮನೆಗೆ ಬಂದಾಗಿದೆ. ಆದರೆ ಅಮ್ಮ ಹಳೆಯ ಟೈಲರನ್ನು ಮಾತ್ರ ಬಿಟ್ಟಿಲ್ಲ. ರವಿಕೆ ತರಲು ಹೋದವಳು, ಅಡ್ಡದಾರಿ ಹಿಡಿದು ನಮ್ಮ ಹಳೆಯ ವಠಾರದ ಮುಂದೆ ಬಂದೆ. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಗೇಟಿನೊಳಗಿಂದ ಓಮದ ವಾಸನೆ ಬಂತು. ಅದರ ಹಿಂದೆಯೇ ಇನ್ನೊಂದು ಸದ್ದು. ಏನದು ಎಂದು ಗುರುತು ಹಿಡಿಯುವ ಮೊದಲೇ ಗೇಟಿನ ಕಂಬಿ ಹಿಡಿದಿದ್ದೆ.

ಆ ಸದ್ದಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಬೇಸಿಗೆ.

ಯಾವ ಬೇಸಿಗೆ ಎಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟ್ಯಾಂಕರಿನವನು ಫೋನ್ ಎತ್ತುವುದನ್ನೇ ನಿಲ್ಲಿಸಿದ ಬೇಸಿಗೆ. ಬೋರ್‌ವೆಲ್ಲುಗಳು ಗಾಳಿ ಉಗುಳಿದ ಬೇಸಿಗೆ. ನಲ್ಲಿಯಲ್ಲಿ ಕಾವೇರಿ ನೀರು ಬರುವ ಹೊತ್ತು ಇವತ್ತೊಂದು, ನಾಳೆಯೊಂದು. ಸಂಜೆಯಾದರೆ ಮೋಡ ಕಟ್ಟುತ್ತಿತ್ತು, ಗಾಳಿ ಬೀಸಿ ಬಾಗಿಲು ಕಿಟಕಿಗಳನ್ನೆಲ್ಲ ಬಡಿದು ಹೋಗುತ್ತಿತ್ತು, ಒಂದು ಹನಿಯೂ ಬೀಳುತ್ತಿರಲಿಲ್ಲ. ದಿನಾ ಇದೇ. ಯಾರೋ ಬಾಗಿಲು ತಟ್ಟಿ ಓಡಿಹೋದ ಹಾಗೆ.

ನಮ್ಮ ವಠಾರದಲ್ಲಿ ಆರು ಮನೆ, ನಡುವೆ ಅಂಗಳ, ಅಂಗಳದಲ್ಲೊಂದು ಕಲ್ಲುಕಟ್ಟೆಯ ಬಾವಿ. ನಾನು ಹುಟ್ಟಿದಾಗಿನಿಂದ ಅದರ ಮೇಲೊಂದು ಚಪ್ಪಡಿ, ಚಪ್ಪಡಿಯ ಮೇಲೆ ತುಳಸಿ ಕುಂಡ. ವಠಾರದ ಯಜಮಾನರು ಗಂಗಾಧರಪ್ಪ, ತರಗುಪೇಟೆಯಲ್ಲಿ ಬೇಳೆಕಾಳಿನ ಹೋಲ್‌ಸೇಲ್ ವ್ಯಾಪಾರ. ಟ್ಯಾಂಕರ್ ಬರದೆ ಹೋದ ವಾರ ಅವರು ಆಳು ಕರೆಸಿ ಚಪ್ಪಡಿ ಸರಿಸಿದರು. ಒಳಗೆ ಬಗ್ಗಿ ನೋಡಿದ ಆಳು ಕೂಗಿದ: 'ಯಜಮಾನ್ರೇ, ನೀರದೆ! ಆಳುದ್ದ ನೀರದೆ!'

ಹೂಳೆತ್ತಿಸಿದರು. ಮೋಟಾರು ಕೂರಿಸಿದರು. ಹೆಂಗಸರೆಲ್ಲ ಅರಿಶಿನ ಕುಂಕುಮ ಇಟ್ಟು ಆರತಿ ಎತ್ತಿದರು. ನೀರು ತಿಳಿಯಾಗಿತ್ತು, ತಣ್ಣಗಿತ್ತು, ಸಿಹಿಯಾಗಿತ್ತು. ಪಕ್ಕದ ಬೀದಿಯವರು ಬಿಂದಿಗೆ ಹಿಡಿದು ನಮ್ಮ ಗೇಟಿನ ಮುಂದೆ ನಿಲ್ಲುವಾಗ ನಮ್ಮವರ ಮುಖದಲ್ಲಿ ಒಂದು ಠೀವಿ.

ಆಗ ನಾನು ಬಸವನಗುಡಿಯ ಕಾಲೇಜಿನಲ್ಲಿ ಎಕನಾಮಿಕ್ಸ್ ಎಂ.ಎ. ಓದುತ್ತಿದ್ದೆ. ಓದಿಗಿಂತ ಹೆಚ್ಚಾಗಿ ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತಿದ್ದೆ. ವಠಾರದಲ್ಲಿ ನನ್ನ ಹೆಸರು ರಚನಾ ಎಂದು ಯಾರಿಗೂ ನೆನಪಿರಲಿಲ್ಲ, ಎಲ್ಲರಿಗೂ 'ಲಾಯರಮ್ಮ'. ಆರತಿ ಮುಗಿದ ಮೇಲೆ ಲಾಯರಮ್ಮ ಸುಮ್ಮನಿರಲಿಲ್ಲ.

'ಸುತ್ತಮುತ್ತ ಎಲ್ಲಾ ಒಣಗಿ ಹೋಗಿದೆ. ಈ ಬಾವಿಗೆ ಮಾತ್ರ ನೀರು ಎಲ್ಲಿಂದ ಬಂತು?'

ಕೆಳಗಿನ ಮನೆಯ ನಂಜಜ್ಜಿ ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡು ನನ್ನ ಕಡೆ ತಿರುಗಿದರು. 'ಭೂಮಿಯಿಂದ ಬರತ್ತೆ ಕಣೇ. ಇನ್ನೇನು, ನಿನ್ನ ಎಕನಾಮಿಕ್ಸಿಂದ ಬರತ್ತಾ?'

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು. ಇಡೀ ಪೇಟೆಯೇ ಬಾಯಾರಿ ನಿಂತಿರುವಾಗ ಒಂದೇ ಒಂದು ಬಾವಿ ತುಂಬಿದೆಯೆಂದರೆ ಅದನ್ನು ಯಾವುದೋ ತುಂಬಿಸುತ್ತಿದೆ. ಯಾವುದು?

ನಂಜಜ್ಜಿ ಕುಣಿಗಲ್ ಕಡೆಯ ಹೊಲಮನೆಯಲ್ಲಿ ಹುಟ್ಟಿ, ಮದುವೆಯಾಗಿ ಈ ವಠಾರಕ್ಕೆ ಬಂದವರು. ವಾದದಲ್ಲಿ ಅವರನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇರಲಿಲ್ಲ. ಕಾಲೇಜಿಗೆ ಹೋಗಿದ್ದರೆ ನಾನು ಗೆದ್ದ ಕಪ್ಪುಗಳೆಲ್ಲ ಅವರ ಮನೆಯಲ್ಲಿರುತ್ತಿದ್ದವು. ಆ ಬೇಸಿಗೆ ಅವರ ಮಗಳು ಸವಿತಕ್ಕ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ. ಹೆಸರಿಟ್ಟಿದ್ದರು, ಆದರೆ ಎಲ್ಲರ ಬಾಯಲ್ಲಿ ಪುಟ್ಟಿ. ಸವಿತಕ್ಕನಿಗೆ ಎದೆಹಾಲು ಸಾಲದೆ ಡಾಕ್ಟರು ಡಬ್ಬಿಯ ಪುಡಿ ಹಾಲು ಹೇಳಿದ್ದರು. ಪುಡಿ ಕಲಸಲು ನೀರು ಬೇಕು. ಆ ನೀರಿನ ಉಸ್ತುವಾರಿ ಅಜ್ಜಿಯದು.

ಅದೇ ಹೊತ್ತಿಗೆ ಅಂತರಕಾಲೇಜು ಚರ್ಚಾಸ್ಪರ್ಧೆಯ ವಿಷಯ ಬಂತು: 'ನಗರದ ನೀರಿನ ಬವಣೆಗೆ ಹಳೆಯ ಬಾವಿಗಳೇ ಪರಿಹಾರ'. ಚೀಟಿ ಎತ್ತಿದಾಗ ನಮಗೆ ಬಿದ್ದದ್ದು 'ಪರ'. ನಮಗೆ ಎಂದರೆ ನನಗೆ ಮತ್ತು ಚೇತನನಿಗೆ. ಚೇತನ್ ಓಕಳಿಪುರದವನು, ಕೆಮಿಸ್ಟ್ರಿ ಎಂಎಸ್ಸಿ, ಅಪ್ಪ ರೈಲ್ವೆಯಲ್ಲಿ. ಮನೆಯ ಪಕ್ಕದಲ್ಲೇ ಹಳಿ ಇರುವುದರಿಂದ ರೈಲು ಬಂದಾಗ ಮಾತು ನಿಲ್ಲಿಸಿ, ಹೋದ ಮೇಲೆ ನಿಂತ ಪದದಿಂದಲೇ ಮುಂದುವರಿಸುವುದು ಅವನಿಗೆ ಹುಟ್ಟಿನಿಂದ ಬಂದ ಅಭ್ಯಾಸ. ವೇದಿಕೆಯಲ್ಲಿ ಚಪ್ಪಾಳೆ ಬಿದ್ದಾಗಲೂ ಹಾಗೆಯೇ ಮಾಡುತ್ತಿದ್ದ, ತೀರ್ಪುಗಾರರು ಅದನ್ನು ಗಾಂಭೀರ್ಯ ಎಂದುಕೊಳ್ಳುತ್ತಿದ್ದರು.

ನಮ್ಮಿಬ್ಬರದು ಒಂದೇ ಕಟ್ಟಳೆ. ನಮ್ಮ ಭಾಷಣಕ್ಕಿಂತ ಮೊದಲು ಎದುರಾಳಿಯ ಭಾಷಣ ಬರೆಯಬೇಕು, ಅದೂ ಅವರಿಗಿಂತ ಚೆನ್ನಾಗಿ. ಹಾಗಾಗಿ ಬಾವಿಗಳ ವಿರುದ್ಧ ಹೇಳಬಹುದಾದದ್ದನ್ನೆಲ್ಲ ಹುಡುಕಲು ಕೂತೆ. ಫೋನಿನಲ್ಲಿ ಹುಡುಕಿದರೆ ಬರುತ್ತಿದ್ದದ್ದು ಫಿಲ್ಟರಿನ ಜಾಹೀರಾತು, ನೀರು ಕುಡಿದರೆ ಆಗುವ ಹತ್ತು ಲಾಭ, ಯಾರೋ ಸ್ವಾಮೀಜಿಯ ಪ್ರವಚನ.

ಕಾಲೇಜಿನ ಲೈಬ್ರರಿಯಲ್ಲಿ ಚೇತನ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ. 'ಮಗಾ, ನೀನು ಹುಡುಕ್ತಿರೋದು ಮಾರ್ಕೆಟ್ಟಲ್ಲಿ. ಯಾರು ಜೋರಾಗಿ ಕೂಗ್ತಾರೋ ಅವರೇ ಮೊದಲು ಸಿಗೋದು. ಸರಕು ಇರೋದು ಗೋಡೌನಲ್ಲಿ. ಸರಿ, ಆ ಕಡೆ ಜರುಗು.'

ಸಂಶೋಧನಾ ಲೇಖನಗಳನ್ನು ಮಾತ್ರ ಹುಡುಕುವ ತಾಣಗಳಿವೆ ಎನ್ನುವುದು ನನಗೆ ಗೊತ್ತಾದದ್ದು ಹೀಗೆ. ನಗಬೇಡಿ. ಎಂ.ಎ.ವರೆಗೆ ಬಂದ ಎಷ್ಟೋ ಜನರನ್ನು ಕೇಳಿ ನೋಡಿ, ಯಾರೂ ಕಲಿಸಿರುವುದಿಲ್ಲ. ವೈದ್ಯಕೀಯಕ್ಕೇ ಒಂದು ತಾಣ, ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿಗೇ ಒಂದು, ಎಲ್ಲ ಶಾಸ್ತ್ರಗಳೂ ಸೇರಿದ ದೊಡ್ಡದೊಂದು. ಜಾಹೀರಾತಿಲ್ಲ, ಬಣ್ಣವಿಲ್ಲ. ತಲೆಬರಹ, ಬರೆದವರು, ಕೆಳಗೆ ನಾಲ್ಕು ಸಾಲು ಸಾರಾಂಶ. ನೋಡಿದರೆ ನಿದ್ದೆ ಬರುವಂತಿತ್ತು.

'ಪೇಪರಲ್ಲಿ ಬರೆದಿದ್ರೆ ಸತ್ಯನಾ?' ಎಂದೆ. 'ದುಡ್ಡು ಕೊಟ್ರೆ ಏನು ಬೇಕಾದ್ರೂ ಅಚ್ಚು ಹಾಕೋ ಜರ್ನಲ್‌ಗಳಿವೆ ಅಂತ ನೀನೇ ಹೇಳಿದ್ದೆ.'

'ಹೇಳಿದ್ದೆ. ಅದಕ್ಕೇ ಇದನ್ನ ಒತ್ತು.'

ಪ್ರತಿ ಲೇಖನದ ಕೆಳಗೂ ಒಂದು ಸಣ್ಣ ಕೊಂಡಿ ಇತ್ತು, ಈ ಲೇಖನವನ್ನು ಉಲ್ಲೇಖಿಸಿದವರು ಯಾರು ಯಾರು ಎಂದು ತೋರಿಸುವುದು. ಒತ್ತಿದೆ. ಒಬ್ಬ ಹೇಳಿದ ಮಾತನ್ನು ಆಮೇಲೆ ಯಾರು ಒಪ್ಪಿದರು, ಯಾರು ತಿದ್ದಿದರು, ಯಾರು ಮುಖಕ್ಕೆ ಹೊಡೆದ ಹಾಗೆ ಅಲ್ಲಗಳೆದರು, ಎಲ್ಲ ಒಂದರ ಕೆಳಗೊಂದು ಬಂತು. ಲೇಖನದ ಕೊನೆಯ ಪಟ್ಟಿ ಹಿಡಿದು ಹಿಂದಕ್ಕೆ ಹೋಗಬಹುದು, ಈ ಕೊಂಡಿ ಹಿಡಿದು ಮುಂದಕ್ಕೆ ಬರಬಹುದು. ಅವತ್ತು ನಾನು ಆ ಕುರ್ಚಿ ಬಿಟ್ಟು ಏಳಲಿಲ್ಲ. ಇದು ಎಂದೂ ಮುಗಿಯದ ಚರ್ಚಾಸ್ಪರ್ಧೆ. ತೀರ್ಪುಗಾರರಿಲ್ಲ, ಸಮಯ ಮುಗಿಯಿತೆಂದು ಗಂಟೆ ಹೊಡೆಯುವವರಿಲ್ಲ.

ಗಂಟೆ ಹೊಡೆಯುವವರಿಲ್ಲ ಎಂದು ಆಗ ಖುಷಿಯಾಗಿತ್ತು.

ಬಾವಿಯನ್ನು ತುಂಬಿಸುತ್ತಿರುವುದು ಏನೆಂಬ ಪ್ರಶ್ನೆಗೆ ಉತ್ತರ ಮಾರನೆಯ ದಿನವೇ ಸಿಕ್ಕಿತು. ಒಬ್ಬರಲ್ಲ, ಹಲವರು ಬರೆದಿದ್ದರು, ಬೇರೆ ಬೇರೆ ಊರುಗಳ ಬಗ್ಗೆ. ಹಳೆಯ ಪೇಟೆಗಳ ನೆಲದಡಿಯ ನೀರಿಗೆ ಮಳೆಯೊಂದೇ ಮೂಲವಲ್ಲ. ನೆಲದೊಳಗೆ ಒಡೆದ ಕುಡಿಯುವ ನೀರಿನ ಪೈಪು, ಅದರ ಪಕ್ಕದಲ್ಲೇ ಬಿರುಕು ಬಿಟ್ಟ ಒಳಚರಂಡಿ, ಎರಡೂ ಸೋರುತ್ತಲೇ ಇರುತ್ತವೆ. ಮಳೆ ನಿಂತರೂ ಆ ಸೋರಿಕೆ ನಿಲ್ಲುವುದಿಲ್ಲ. ನಮ್ಮ ವಠಾರದ ಹಿಂಗೋಡೆಗೆ ಒತ್ತಿಕೊಂಡೇ ಹಳೆಯ ಕಲ್ಲಿನ ಚರಂಡಿಯೊಂದು ಹೋಗುತ್ತಿತ್ತು. ಬೇಸಿಗೆಯಲ್ಲಿ ಅದರ ಮೇಲಿನ ಮಣ್ಣು ಮಾತ್ರ ಯಾವಾಗಲೂ ಹಸಿ. ಚಿಕ್ಕವಳಿದ್ದಾಗ ಅಲ್ಲಿ ಮಣ್ಣಿನ ಗೊಂಬೆ ಮಾಡಿದ್ದೆ.

ಭಾನುವಾರ ವಠಾರದ ಸಭೆ. ಫೋನು ಹಿಡಿದು ನಿಂತು, ಓದಿದ್ದನ್ನೆಲ್ಲ ಕನ್ನಡದಲ್ಲಿ ಹೇಳಿದೆ.

ಗಂಗಾಧರಪ್ಪನವರು ಕೆಮ್ಮಿದರು. 'ಸರಿನಮ್ಮ. ನೀನು ಹೇಳೋದ್ರಲ್ಲಿ ಪಾಯಿಂಟ್ ಇದೆ. ಅದಕ್ಕೇನೀಗ? ಎಲ್ಲಾ ಮನೆಯವರೂ ಕಾಯಿಸಿ ಕುಡೀರಿ. ಕುದಿಯೋ ನೀರಲ್ಲಿ ಯಾವ ಕ್ರಿಮಿ ಉಳಿಯತ್ತೆ?'

'ಲಾಯರಮ್ಮ, ಉತ್ತರ?' ಎಂದು ಯಾರೋ ಛೇಡಿಸಿದರು.

ಕುದಿಸಿದರೆ ಕ್ರಿಮಿ ಸಾಯುತ್ತದೆ, ಅದು ಸರಿ. ವಾದ ಅಲ್ಲಿಗೆ ಮುಗಿಯಿತು. ನಂಜಜ್ಜಿ ಎದ್ದು ಸೆರಗು ಕೊಡವಿಕೊಂಡರು. 'ನೀವೆಲ್ಲ ಕುದಿ ಬಂದ ತಕ್ಷಣ ಒಲೆ ಆರಿಸ್ತೀರ. ನಾನು ನನ್ನ ಕೂಸಿಗೆ ಕಷಾಯದ ಥರ ಇಳಿಸ್ತೀನಿ. ಎರಡು ಚೊಂಬು ಇಟ್ರೆ ಒಂದು ಚೊಂಬಿಗೆ ಬರಬೇಕು. ಅದಕ್ಕೊಂದು ಚಿಟಿಕೆ ಓಮ. ಯಾವ ಚರಂಡಿ ಬಂದು ಏನು ಮಾಡತ್ತೋ ನೋಡೇಬಿಡ್ತೀನಿ.'

ಅವತ್ತಿನಿಂದ ಮುಂಜಾನೆ, ಮಧ್ಯಾಹ್ನ, ಸಂಜೆ ವಠಾರದ ತುಂಬ ಓಮದ ವಾಸನೆ. ಬಿಸಿಲಿನ ಝಳದಲ್ಲಿ ಒಲೆಯ ಮುಂದೆ ನಿಂತು ಅಜ್ಜಿ ನೀರು ಇಳಿಸುತ್ತಿದ್ದರು. ಬೆವರು ಒರೆಸಿಕೊಳ್ಳುವುದು, ಪಾತ್ರೆಯೊಳಗೆ ಇಣುಕುವುದು, ಇನ್ನೂ ಸ್ವಲ್ಪ ಇಳಿಯಲಿ ಎನ್ನುವುದು. ನಮ್ಮಮ್ಮ ಹೇಳುತ್ತಿದ್ದರು, ಅಜ್ಜಿಯನ್ನು ನೋಡಿ ಕಲಿಯಬೇಕು ಎಂದು.

ಪುಟ್ಟಿ ಬಂಗಾರದಂಥ ಕೂಸಾಗಿತ್ತು. ಮೊದಮೊದಲು ಇಡೀ ವಠಾರ ಎದ್ದು ಕೂರುವಂತೆ ಅಳುತ್ತಿದ್ದದ್ದು, ಬರಬರುತ್ತ ಅಳುವುದನ್ನೇ ಬಿಟ್ಟಿತು. 'ಎಷ್ಟು ಒಳ್ಳೆ ಮಗು, ಸದ್ದೇ ಇಲ್ಲ ನೋಡಿ!' ಎಂದು ನೋಡಲು ಬಂದವರೆಲ್ಲ ಹೊಗಳಿದರು. ಹೊಗಳಿದ್ದಕ್ಕೆ ಅಜ್ಜಿ ದೃಷ್ಟಿ ತೆಗೆದರು. ಕೆನ್ನೆಯ ಮೇಲೆ, ಅಂಗಾಲಿನಲ್ಲಿ ದೊಡ್ಡದಾಗಿ ಕಾಡಿಗೆ ಬೊಟ್ಟು ಇಟ್ಟರು.

ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟವಳು ಕೂಸನ್ನು ನೋಡಲು ನಿಂತೆ. ಸವಿತಕ್ಕ ಒದ್ದೆ ಬಟ್ಟೆಯಲ್ಲಿ ಪುಟ್ಟಿಯ ಬೆರಳು ಒರೆಸುತ್ತಿದ್ದಳು.

'ಏನಕ್ಕ?'

'ಕಾಡಿಗೆ ಕಣೇ. ಕೆನ್ನೆ ಮುಟ್ಕೊಂಡು ಉಗುರಿಗೆಲ್ಲ ಮೆತ್ಕೊಂಡಿದೆ. ತುಟಿಗೂ ಆಗಿದೆ ನೋಡು. ಎಷ್ಟು ಒರೆಸಿದ್ರೂ ಹೋಗ್ತಿಲ್ಲ.'

'ನಿದ್ದೆ ಮಾಡ್ತಿದಾಳಾ?'

'ಎರಡು ದಿನದಿಂದ ಬರೀ ನಿದ್ದೆ. ಬಿಸಿಲಿಗೆ ಮಂಪರು ಅಂತಾರೆ ಅಮ್ಮ.'

ನಾನು ಪುಟ್ಟಿಯ ಬೆರಳನ್ನು ಹಿಡಿದೆ. ಸಾಮಾನ್ಯವಾಗಿ ಬೆರಳು ಕೊಟ್ಟರೆ ಗಟ್ಟಿಯಾಗಿ ಹಿಡಿದುಕೊಳ್ಳುವ ಕೂಸು. ಅವತ್ತು ಹಿಡಿಯಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೊರಟೆ.

ಲೈಬ್ರರಿಯಲ್ಲಿ ಎದುರಾಳಿಯ ಭಾಷಣ ಒಂದು ಕಡೆ ಸಿಕ್ಕಿಹಾಕಿಕೊಂಡಿತ್ತು. 'ಕಾಯಿಸಿ ಕುಡಿದರಾಯಿತು' ಎಂದು ನಾವು ಹೇಳುತ್ತೇವೆ. ಅದಕ್ಕೆ ಅವರು ಏನು ಹೇಳಬಹುದು? ಸಭೆಯಲ್ಲಿ ನನಗೆ ಹೊಳೆಯದ ಮರುವಾದವನ್ನು ಅವರಿಗಾಗಿ ನಾನೇ ಹುಡುಕಬೇಕಿತ್ತು. ಕುದಿಸುವುದರಿಂದ ಏನು ಹೋಗುವುದಿಲ್ಲ? ಇಂಗ್ಲಿಷಿನಲ್ಲಿ ಹೀಗೆ ಕೇಳಿ, ಹಾಗೆ ಕೇಳಿ, ಪದಗಳನ್ನು ಹಿಂದೆ ಮುಂದೆ ಮಾಡಿ ನೋಡಿದೆ. ಚೇತನ್ ಹೇಳಿದ ಆ ಉಗ್ರಾಣದ ತೊಂದರೆಯೇ ಅದು: ಬೇಕಾದದ್ದರ ಹೆಸರು ಗೊತ್ತಿದ್ದರಷ್ಟೇ ಬಾಗಿಲು ತೆರೆಯುತ್ತದೆ. ನೀರಿನ ಬಗ್ಗೆ ಓದಿದ ಒಂದು ಪ್ರಬಂಧದಲ್ಲಿ ಆ ಹೆಸರು ಸಿಕ್ಕಿತು. ನೈಟ್ರೇಟ್.

ಚರಂಡಿಯ ಕೊಳಕು ಮಣ್ಣಿಗೆ ಇಳಿದಾಗ ಹುಟ್ಟುವ ಒಂದು ಲವಣ ಅದು. ಬಣ್ಣವಿಲ್ಲ, ವಾಸನೆಯಿಲ್ಲ. ನೀರು ತಿಳಿಯಾಗಿಯೇ ಇರುತ್ತದೆ, ಸಿಹಿಯಾಗಿಯೇ ಇರುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಅದು ತಳದಲ್ಲೇ ಉಳಿಯುತ್ತದೆ. ಕುದಿಸಿದಷ್ಟೂ ಗಟ್ಟಿಯಾಗುತ್ತದೆ.

ಮೇಜಿನ ಆ ಬದಿಯಲ್ಲಿ ಚೇತನ್ ಏನೋ ಬರೆಯುತ್ತಿದ್ದ. 'ಸಾಂಬಾರಿಗೆ ಉಪ್ಪು ಜಾಸ್ತಿಯಾದಾಗ ಇನ್ನೂ ಕುದಿಸಿದ್ರೆ ಏನಾಗತ್ತೆ?' ಎಂದು ಅವನನ್ನು ಕೇಳಿದೆ.

'ಇನ್ನೂ ಉಪ್ಪಾಗತ್ತೆ. ಯಾಕೆ ಗುರು, ಅಡುಗೆ ಕಲೀತಿದೀಯಾ?'

ನಾನು ವೈದ್ಯಕೀಯ ಲೇಖನಗಳ ತಾಣ ತೆರೆದು, ಆ ಹೆಸರಿನ ಪಕ್ಕ 'ಕೂಸು' ಎನ್ನುವುದಕ್ಕೆ ಇಂಗ್ಲಿಷಿನ ಪದ ಸೇರಿಸಿದೆ. ಅರೆಗಳಿಗೆಯಲ್ಲಿ ಪುಟ ತುಂಬಿತು. ಬೇರೆ ಬೇರೆ ದೇಶ, ಬೇರೆ ಬೇರೆ ಕಾಲ, ಆದರೆ ಮತ್ತೆ ಮತ್ತೆ ಅದೇ ಮೂರು: ಬಾವಿ ನೀರು, ಡಬ್ಬಿ ಹಾಲು, ಕೆಲವೇ ತಿಂಗಳ ಕೂಸು. ದೊಡ್ಡವರಿಗೆ ಅಷ್ಟಾಗಿ ತಟ್ಟುವುದಿಲ್ಲ. ಅಷ್ಟು ಸಣ್ಣ ಕೂಸಿನಲ್ಲಿ ಮಾತ್ರ ರಕ್ತ ಉಸಿರನ್ನು ಹೊರುವುದನ್ನು ನಿಲ್ಲಿಸುತ್ತಾ ಬರುತ್ತದೆ. ನೈಟ್ರೇಟ್ ಒಂದೇ ಕಾರಣವಲ್ಲ, ಹೊಟ್ಟೆಯ ಸೋಂಕೂ ಸೇರಬೇಕು ಎಂದು ವಾದಿಸಿದವರಿದ್ದರು, ಅವರಿಗೆ ಮರುವಾದ ಹೂಡಿದವರೂ ಇದ್ದರು. ಕಾರಣದ ಬಗ್ಗೆ ಜಗಳವಿತ್ತು. ಲಕ್ಷಣದ ಬಗ್ಗೆ ಯಾರಲ್ಲೂ ಜಗಳವಿರಲಿಲ್ಲ. ಮಗು ಮಂಕಾಗುತ್ತದೆ. ನಿದ್ದೆ ಹೆಚ್ಚು. ತುಟಿ ಮತ್ತು ಉಗುರು ಬೂದುಗಟ್ಟಿದ ನೀಲಿಗೆ ತಿರುಗುತ್ತವೆ.

ಎಷ್ಟು ಒರೆಸಿದರೂ ಹೋಗದ ಕಾಡಿಗೆ.

ಫೋನ್ ಎತ್ತಿದ್ದು ನಂಜಜ್ಜಿ.

'ಅಜ್ಜಿ, ಪುಟ್ಟಿಗೆ ಬಾವಿ ನೀರು ಕೊಡಬೇಡಿ. ಸವಿತಕ್ಕನಿಗೆ ಹೇಳಿ, ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು.'

'ಏನಾಯ್ತೇ ನಿಂಗೆ? ಕಾಯಿಸಿ ಕೊಡ್ತಿದೀನಲ್ಲ.'

'ಕಾಯಿಸಬಾರದು ಅಜ್ಜಿ! ಕಾಯಿಸಿದಷ್ಟೂ ಜಾಸ್ತಿ ಆಗತ್ತೆ.'

'ಹೋದ ವಾರ ಕಾಯಿಸಿ ಅಂದ್ರಿ. ಈ ವಾರ ಕಾಯಿಸಬೇಡಿ ಅಂತೀಯ. ಮುಂದಿನ ವಾರ ಏನು, ಒಲೆನೇ ಹಚ್ಚಬೇಡಿ ಅಂತೀಯಾ?'

'ಇಲ್ಲಿ ಬರೆದಿದಾರೆ ಅಜ್ಜಿ, ಡಾಕ್ಟರುಗಳೇ ಬರೆದಿದಾರೆ.'

'ಬರೆದೋನು ನಮ್ಮ ಬಾವಿ ನೋಡಿದಾನಾ?'

ಸೋತೆ. ಅದು ಸರಿಯಾದ ಪ್ರಶ್ನೆ. ಎದುರಾಳಿ ಹಾಗೆ ಕೇಳಿದ್ದರೆ ನಾನೇ ಮೇಜು ತಟ್ಟುತ್ತಿದ್ದೆ. 'ಕೂಸು ಈಗ ತಾನೆ ಕುಡಿದು ಮಲಗಿದೆ. ಎಬ್ಬಿಸಬೇಡ' ಎಂದು ಅಜ್ಜಿ ಫೋನ್ ಇಟ್ಟರು. ಸವಿತಕ್ಕನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಅಮ್ಮ ತನ್ನ ತವರಿಗೆ ಹೋಗಿದ್ದರು. ಆತುರಕ್ಕೆ ಫೋನಿನಲ್ಲಿ ಕನ್ನಡದಲ್ಲಿಯೇ ಟೈಪ್ ಮಾಡಿದೆ, ಅದೇ ಉಗ್ರಾಣದಲ್ಲಿ: ಬಾವಿ ನೀರು ಕೂಸು ನೀಲಿ. ಒಂದು ಪುಟವಾದರೂ ಸಿಕ್ಕರೆ ಅಜ್ಜಿಗೆ ಓದಿ ಹೇಳಬಹುದಿತ್ತು. ಫಲಿತಾಂಶ ಯಾವುದೂ ಇಲ್ಲ ಎಂದು ಬಂತು.

ಚೇತನ್ ಆಗಲೇ ಬ್ಯಾಗು ಹೆಗಲಿಗೇರಿಸಿದ್ದ. 'ನಡಿ. ಮೀನಿನ ಅಂಗಡಿ.'

'ಏನು?'

'ಅಕ್ವೇರಿಯಂ ಅಂಗಡಿ ಗುರು. ಮೀನಿನ ತೊಟ್ಟಿ ನೀರು ನೋಡೋಕೆ ಕಾಗದದ ಪಟ್ಟಿ ಮಾರ್ತಾರೆ. ನೈಟ್ರೇಟಿದ್ರೆ ಬಣ್ಣ ತಿರುಗತ್ತೆ. ನಿಮ್ಮಜ್ಜಿಗೆ ಅವರ ಬಾವಿನೇ ತೋರಿಸಣ.'

ಮೀನು ಸಾಯಬಾರದೆಂದು ಜನ ಇಷ್ಟು ಮಾಡುತ್ತಾರೆ ಎಂದು ಆಟೋದಲ್ಲಿ ಕೂತು ಯೋಚಿಸಿದೆ. ಗಾಂಧಿಬಜಾರಿನ ಸಿಗ್ನಲ್ಲಿನಲ್ಲಿ ನಿಂತೆವು. ಆಕಾಶ ಎಂದಿನಂತೆ ಕಪ್ಪಾಗುತ್ತಿತ್ತು. ಚೇತನ್ ಏನೋ ಹೇಳಲು ಹೊರಟು, ನಿಲ್ಲಿಸಿದ. ಯಾವ ರೈಲೂ ಇರಲಿಲ್ಲ. ಅವನು ಮುಂದುವರಿಸಲಿಲ್ಲ.

ವಠಾರಕ್ಕೆ ಬಂದಾಗ ಅಜ್ಜಿ ಒಲೆಯ ಮುಂದೆಯೇ ಇದ್ದರು. ನಾನು ಚಪ್ಪಲಿಯನ್ನೂ ಬಿಡದೆ ಒಳಗೆ ಹೋಗಿ, ನೆಲದ ಮೇಲೆ ಎರಡು ಲೋಟ ಇಟ್ಟೆ. ಒಂದರಲ್ಲಿ ಬಾವಿಯಿಂದ ಸೇದಿದ ನೀರು, ಇನ್ನೊಂದರಲ್ಲಿ ಅಜ್ಜಿ ಅರ್ಧಕ್ಕೆ ಇಳಿಸಿದ ನೀರು. ಚೇತನ್ ಒಂದೊಂದು ಪಟ್ಟಿ ಅದ್ದಿ ತೆಗೆದು ಪಕ್ಕಪಕ್ಕ ಇಟ್ಟ. ಮೊದಲನೆಯದು ಗುಲಾಬಿಗೆ ತಿರುಗಿತು. ಎರಡನೆಯದು ಗುಲಾಬಿಯಾಗಿ, ಕೆಂಪಾಗಿ, ಇನ್ನೂ ಕೆಂಪಾಗಿ, ಕುಂಕುಮ ನೆನೆಸಿಟ್ಟ ಹಾಗಾಯಿತು.

ಅಜ್ಜಿ ಬಗ್ಗಿ ನೋಡಿದರು. 'ಕೆಂಪು ಅಂದ್ರೆ ಒಳ್ಳೇದೋ ಕೆಟ್ಟದೋ?'

'ಕೆಟ್ಟದ್ದು ಅಜ್ಜಿ' ಎಂದ ಚೇತನ್.

'ಯಾವುದು ಜಾಸ್ತಿ ಕೆಂಪು?'

ಚೇತನ್ ಎರಡನೆಯ ಪಟ್ಟಿಯನ್ನು ಅವರ ಹತ್ತಿರಕ್ಕೆ ಸರಿಸಿದ. ನಾನು ಒಳಗಿನ ಕೋಣೆಗೆ ಹೋಗಿ ತೊಟ್ಟಿಲ ಮೇಲಿನ ಬಟ್ಟೆ ಸರಿಸಿದೆ. ಮಂಚದ ಮೇಲೆ ನಿದ್ದೆ ಹೋಗಿದ್ದ ಸವಿತಕ್ಕ ದಡಬಡಿಸಿ ಎದ್ದಳು. ಕಿಟಕಿಯ ಬೆಳಕಿಗೆ ಪುಟ್ಟಿಯ ತುಟಿ ಸ್ಲೇಟಿನ ಬಣ್ಣಕ್ಕಿತ್ತು. ಕರೆದರೆ ಕಣ್ಣು ತೆರೆಯಲಿಲ್ಲ. ಆಟೋ ಇನ್ನೂ ಗೇಟಿನಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಸಿರಿಂಜಿಗೆ ಬಂದ ರಕ್ತ ಕೆಂಪಾಗಿರಲಿಲ್ಲ. ಕಂದು ಬಣ್ಣಕ್ಕಿತ್ತು, ಹಳಸಿದ ಕಾಫಿ ಡಿಕಾಕ್ಷನ್ನಿನಂತೆ. ಚಿಕ್ಕ ವಯಸ್ಸಿನ ಡಾಕ್ಟರು ಒಂದು ಕ್ಷಣ ಅದನ್ನೇ ನೋಡುತ್ತ ನಿಂತರು. ನಾನು ಓದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಅರ್ಧದಲ್ಲೇ ತಡೆದು, 'ಬಾವಿ ನೀರಾ? ಪುಡಿ ಹಾಲಾ?' ಎಂದು ಎರಡೇ ಪ್ರಶ್ನೆ ಕೇಳಿ ಒಳಗೆ ಓಡಿದರು.

ಹೊರಗೆ ಬೆಂಚಿನ ಮೇಲೆ ಅಜ್ಜಿಯ ಪಕ್ಕ ಕೂತೆ. ಅವರು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ, ಬಹಳ ಹೊತ್ತು ಏನೋ ಲೆಕ್ಕ ಹಾಕುತ್ತಿದ್ದವರ ಹಾಗೆ ಕೂತಿದ್ದರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು.

'ಅಂದ್ರೆ, ನಾನು ಸೋಮಾರಿ ಆಗಿದ್ದಿದ್ರೆ ಕೂಸು ಇಷ್ಟು ಹದಗೆಡ್ತಿರಲಿಲ್ಲ. ಅಷ್ಟೇ ತಾನೇ?'

ನಾನು ಗೆದ್ದ ವಾದಗಳು ಬೇಕಾದಷ್ಟಿವೆ. ಸೋತದ್ದೂ ಇವೆ. ಆ ಪ್ರಶ್ನೆಗೆ ಪರವೂ ಇರಲಿಲ್ಲ, ವಿರೋಧವೂ ಇರಲಿಲ್ಲ. ಹೂಂ ಎಂದರೆ ನಿಜ. ಅವರ ಬೆರಳಿಗೆ ಸುತ್ತಿದ್ದ ಸೆರಗನ್ನು ನಾನೇ ಬಿಚ್ಚಿದೆ.

ಪುಟ್ಟಿ ಉಳಿಯಿತು. ಅದಕ್ಕೆ ಕೊಟ್ಟ ಔಷಧಿಯ ಬಣ್ಣ ಕಡುನೀಲಿ. ಅದು ಒಳಗೆ ಹೋದ ಮೇಲೆ ಗಂಟೆ ಕಳೆಯುವುದರೊಳಗೆ ತುಟಿ ಗುಲಾಬಿಗೆ ತಿರುಗಿತು, ಮತ್ತು ಕೂಸು ಕಿರುಚಿ ಅಳಲು ಶುರುಮಾಡಿತು. ಸವಿತಕ್ಕ ಗೋಡೆಗೆ ಹಣೆ ಒತ್ತಿಕೊಂಡು ನಿಂತುಬಿಟ್ಟಳು. ಹೊತ್ತಾಗಿ ಬಂದಿದ್ದರೆ ಎಂದು ಡಾಕ್ಟರು ಶುರುಮಾಡಿದ ವಾಕ್ಯವನ್ನು ಮುಗಿಸಲಿಲ್ಲ.

ಗಂಗಾಧರಪ್ಪನವರು ಮಾರನೆಯ ದಿನವೇ ಮೋಟಾರು ಬಿಚ್ಚಿಸಿ, ಚಪ್ಪಡಿ ಎಳೆಸಿ, ತುಳಸಿ ಕುಂಡ ಇಡಿಸಿದರು. ಯಾರನ್ನೂ ದೂರಲಿಲ್ಲ, ಯಾರಿಗೂ ಹೆಚ್ಚು ವಿವರಿಸಲೂ ಇಲ್ಲ. ಗೇಟಿನಲ್ಲಿ ಬಿಂದಿಗೆ ಹಿಡಿದು ನಿಂತ ಪಕ್ಕದ ಬೀದಿಯವರಿಗೆ 'ನೀರು ಹೋಯ್ತು' ಎಂದರಂತೆ. ಅವರ ಮನೆಗಳಲ್ಲಿ ಕೂಸು ಇತ್ತೇ ಎಂದು ನಾನು ಬಾಗಿಲು ಬಾಗಿಲಿಗೆ ಹೋಗಿ ಕೇಳಿದೆ. ದೇವರ ದಯೆಯೋ ಕಾಕತಾಳೀಯವೋ, ಇರಲಿಲ್ಲ. ಚರ್ಚಾಸ್ಪರ್ಧೆಗೆ ನಾವಿಬ್ಬರೂ ಹೋಗಲಿಲ್ಲ. ಸವಿತಕ್ಕ ಗಂಡನ ಊರಿಗೆ ಹೊರಟಾಗ ಅಜ್ಜಿಯೂ ಮನೆ ಖಾಲಿ ಮಾಡಿ ಜೊತೆಯಲ್ಲಿ ಹೋದರು. ಹೋಗುವ ದಿನ ನೀರು ಇಳಿಸುತ್ತಿದ್ದ ಪಾತ್ರೆಯನ್ನು ಯಾರಿಗೂ ಕೊಡದೆ, ಬಿಸಾಡದೆ, ಬೋರಲು ಹಾಕಿ ಖಾಲಿ ಅಡುಗೆಮನೆಯಲ್ಲೇ ಬಿಟ್ಟು ಹೋಗಿದ್ದರು.

ಆ ಲೈಬ್ರರಿಯ ಕುರ್ಚಿಯಲ್ಲಿ ಕೂತು ಆಮೇಲೊಂದು ದಿನ ನಾನು ಆ ತಾಣದಲ್ಲಿ ಎಚ್ಚರಿಕೆ ಇಟ್ಟುಕೊಂಡೆ. ನಾವು ಹೇಳಿದ ಪದಗಳಿರುವ ಹೊಸ ಲೇಖನ ಯಾವುದು ಬಂದರೂ ಮೇಲ್ ಬರುವ ವ್ಯವಸ್ಥೆ ಅದು. ಈಗಲೂ ಬರುತ್ತದೆ. ಬೇರೆ ಊರು, ಬೇರೆ ಬಾವಿ, ಬೇರೆ ಕೂಸು. ಪ್ರತಿ ಸಲ ಮೊದಲು ಊರಿನ ಹೆಸರು ನೋಡುತ್ತೇನೆ. ನಮ್ಮ ಬೀದಿ ಅಲ್ಲಿಲ್ಲ. ನಮ್ಮ ಬಾವಿಯನ್ನು ಯಾವ ಪ್ರಬಂಧದವರೂ ಅಳೆಯಲಿಲ್ಲ, ಪುಟ್ಟಿಯ ಬಗ್ಗೆ ಯಾವ ಡಾಕ್ಟರೂ ಬರೆಯಲಿಲ್ಲ. ನಾಳೆ ನನ್ನಂಥ ಇನ್ನೊಬ್ಬಳು ನಮ್ಮ ಪೇಟೆಯ ಹೆಸರು ಹಾಕಿ ಹುಡುಕಿದರೆ ಏನೂ ಬರುವುದಿಲ್ಲ. ಏನೂ ಬರಲಿಲ್ಲವೆಂದರೆ ಏನೂ ಆಗಿಲ್ಲ ಎಂದುಕೊಳ್ಳುತ್ತಾಳೆ. ನಾನಾಗಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದೆ.

ಮೊನ್ನೆ ಗೇಟಿನ ಹೊರಗೆ ನಿಂತ ನನಗೆ ಓಮದ ವಾಸನೆಯ ಹಿಂದೆ ಕೇಳಿಸಿದ ಸದ್ದು ಮೋಟಾರಿನದು. ಇಣುಕಿ ನೋಡಿದೆ. ತುಳಸಿ ಕುಂಡ ಗೋಡೆಯ ಪಕ್ಕಕ್ಕೆ ಹೋಗಿತ್ತು. ಚಪ್ಪಡಿ ಅರ್ಧ ಸರಿದಿತ್ತು. ಬಾವಿಯೊಳಗಿಂದ ಹೊಸ ನೀಲಿ ಪೈಪೊಂದು ಮೇಲಕ್ಕೆ ಹತ್ತಿತ್ತು. ಗಂಗಾಧರಪ್ಪನವರು ತೀರಿಕೊಂಡು, ವಠಾರ ಬೇರೆಯವರ ಕೈಗೆ ಹೋಗಿದೆ ಎಂದು ಟೈಲರ್ ಹೇಳಿದ್ದು ಆಗ ನೆನಪಾಯಿತು. ಕಟ್ಟೆಯ ಮೇಲೆ ಹೊಸದಾಗಿ ಹಚ್ಚಿದ ಅರಿಶಿನ ಕುಂಕುಮ ಇತ್ತು.

ನಂಜಜ್ಜಿ ಇದ್ದ ಮನೆಯ ಬಾಗಿಲು ತಟ್ಟಿದೆ. ನನ್ನ ವಯಸ್ಸಿನ ಹುಡುಗಿ ತೆರೆದಳು. ತಲೆಗೆ ಸ್ಕಾರ್ಫು ಕಟ್ಟಿದ್ದಳು, ಕಣ್ಣಲ್ಲಿ ನಿದ್ದೆಯಿಲ್ಲದ ಕೆಂಪು. ಹೆಗಲಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ಕೂಸು.

'ಯಾರು ಬೇಕಿತ್ತು?'

'ನಾವು ಮೊದಲು ಇಲ್ಲೇ ಇದ್ವಿ. ಒಳಗೆ ಏನೋ ಕುದೀತಿದೆಯಲ್ಲ...'

'ಓ, ಅದಾ!' ಅವಳು ನಕ್ಕಳು. ಅಪರಿಚಿತರು ಕೂಸಿನ ಬಗ್ಗೆ ಕಾಳಜಿ ತೋರಿದರೆ ತಾಯಂದಿರು ನಗುವ ಆ ನಗು. 'ಮಗೂಗೆ ನೀರು. ಬಾವಿದೇ. ನಲ್ಲಿ ನೀರು ಬಂದು ವಾರ ಆಯ್ತು, ಇದೊಂದೇ ಬತ್ತಿಲ್ಲ ನೋಡಿ. ಏನೂ ಭಯ ಇಲ್ಲ, ಚೆನ್ನಾಗಿ ಕಾಯಿಸ್ತೀನಿ.'

'ಎಷ್ಟು ಕಾಯಿಸ್ತೀರಾ?'

'ಅರ್ಧಕ್ಕೆ ಬರೋವರೆಗೂ. ಒಳಗೆ ದೊಡ್ಡ ಪಾತ್ರೆ ಇತ್ತು, ಯಾರೋ ಬಿಟ್ಟು ಹೋಗಿದ್ರು. ಅದು ತುಂಬಾ ಅನುಕೂಲ ಆಯ್ತು.'

ನಾನು ಹೊಸ್ತಿಲು ದಾಟಿ ಒಳಗೆ ಹೋದೆ. ಅವಳು 'ಹಲೋ, ಏನ್ರೀ?' ಎನ್ನುತ್ತಿರುವಂತೆಯೇ ಒಲೆ ಆರಿಸಿದೆ. ಆಮೇಲೆ ತಿರುಗಿ ನಿಂತು, ಇನ್ನೂ ಒಂದು ಮಾತನ್ನೂ ಆಡುವ ಮೊದಲೇ, ಕೈ ಚಾಚಿ ಕೂಸಿನ ಬೆರಳುಗಳ ಮೇಲಿನ ಬಟ್ಟೆ ಸರಿಸಿದೆ.

'ಕಾಡಿಗೆ' ಎಂದಳು ಅವಳು. 'ಎಷ್ಟು ಒರೆಸಿದ್ರೂ ಹೋಗಲ್ಲ.'